ಗೇಮ್ ಬಿಟ್ಟು ಬರೀ ಆಲ್ಬಮ್ ಕೇಳಿದರೆ ಯಾಕೆ ಸಪ್ಪೆ?

ಕಲ್ವಾ_ಸ್ಲೋ
ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ ಬಹಳ ದಿನದಿಂದ ತಲೆ ತಿನ್ನುತ್ತಿದೆ. ನನಗೆ ಫ್ಯಾಂಟಸಿ ಗೇಮ್‌ಗಳ ಹುಚ್ಚು. ಕತ್ತಿ, ಮಂತ್ರ, ಡ್ರ್ಯಾಗನ್ ಇದ್ದರೆ ಸಾಕು, ಊಟ ಬೇಡ. ಆಡುವಾಗ ಆರ್ಕೆಸ್ಟ್ರಾ ಎದ್ದರೆ ಮೈ ಜುಂ ಅನ್ನುತ್ತದೆ. ಅದೇ ಸೌಂಡ್‌ಟ್ರ್ಯಾಕ್ ಆಲ್ಬಮ್ ಹಾಕಿಕೊಂಡು ಲೋಕಲ್‌ನಲ್ಲಿ ಕೂತರೆ (ಕೂರಲು ಸೀಟ್ ಸಿಕ್ಕಿದ ದಿನ) ಠಾಣೆ ದಾಟುವಷ್ಟರಲ್ಲಿ ಬೋರ್. ಒಂದು ಟ್ಯೂನ್ ಎರಡು ಸಲ ಸುತ್ತುತ್ತದೆ, ಆಮೇಲೆ ಮೆಲ್ಲಗೆ ಮಾಯ. ಮುಂದಿನದೂ ಅದೇ ಕಥೆ. ಎಲ್ಡನ್ ರಿಂಗ್ ಆಡುವಾಗ ಬಾಸ್ (ದೊಡ್ಡ ಶತ್ರು) ಎದುರು ಕೈ ಬೆವರುತ್ತಿತ್ತು. ಆಲ್ಬಮ್‌ನಲ್ಲಿ ಅದೇ ಕಾಯಿರ್ (ಗುಂಪು ಗಾಯನ) ಕೇಳಿದರೆ ಪಕ್ಕದ ಮನೆಯಲ್ಲಿ ಯಾರೋ ಜಗಳ ಆಡಿದ ಹಾಗಿದೆ, ನನಗೂ ಅದಕ್ಕೂ ಸಂಬಂಧವೇ ಇಲ್ಲ.

ಎಲ್ಲ ಆಲ್ಬಮ್‌ಗಳೂ ಹೀಗಲ್ಲ. ಕೆಲವನ್ನು ಗೇಮ್ ನೆನಪಾಗದೆಯೂ ಕೇಳಬಹುದು. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ದುಡ್ಡು ಕೊಟ್ಟು ತಗೊಳ್ಳುವುದಾದರೆ ಯಾವುದನ್ನು ತಗೊಳ್ಳಲಿ? "ಹತ್ತು ಗಂಟೆ, ಮಳೆ ಸದ್ದಿನ ಜೊತೆ" ತರಹದ ಲಿಂಕ್ ದಯವಿಟ್ಟು ಬೇಡ.

ಮುಲುಂಡ್_ಮಾಣಿ
ಸ್ಕೈರಿಮ್ ಗೇಮ್‌ನ ಆಲ್ಬಮ್. ಮುಗೀತು, ಬಾಗಿಲು ಹಾಕಿ.

ರಾತ್ರಿಪಾಳಿ_ಪುಣೆ
ಕೇಳಿದ್ದು ಆರ್ಕೆಸ್ಟ್ರಾ ಬಗ್ಗೆ. ಸ್ಕೈರಿಮ್‌ನಲ್ಲಿ ಆರ್ಕೆಸ್ಟ್ರಾ ಎಲ್ಲಿದೆ ಮಾರಾಯ? ವಾದ್ಯ ಹೆಚ್ಚಿನವು ಕಂಪ್ಯೂಟರಿನ ಸ್ಯಾಂಪಲ್, ಅಂದರೆ ಒಂದೊಂದು ಸ್ವರ ಮೊದಲೇ ರೆಕಾರ್ಡ್ ಮಾಡಿಟ್ಟದ್ದು. ಕಾಯಿರ್ ಒಂದು ನಿಜದ್ದು. ಅದೂ 30 ಜನ ಹಾಡಿದ್ದನ್ನು ಮೂರು ಸಲ ರೆಕಾರ್ಡ್ ಮಾಡಿ, ಒಂದರ ಮೇಲೊಂದು ಕೂರಿಸಿ, 90 ಜನ ಹಾಡಿದ ಹಾಗೆ ಕೇಳಿಸಿದ್ದು.

ಮುಲುಂಡ್_ಮಾಣಿ
ಅದಕ್ಕೇನೀಗ? ಕಿವಿಗೆ ಹಿಡಿಸಿದರೆ ಸಾಕಲ್ವಾ? ಸಂಗೀತ ಬರೆದ ಜೆರೆಮಿ ಸೋಲ್ 2002ರಲ್ಲಿ ಅದೇ ಸರಣಿಯ ಮೊರೊವಿಂಡ್‌ಗೆ ಬರೆದ ಎಳೆಯನ್ನೇ 2006ರ ಆಬ್ಲಿವಿಯನ್‌ಗೂ 2011ರ ಸ್ಕೈರಿಮ್‌ಗೂ ತಂದರು. ಮೂರು ಕಡೆಯೂ ಬೇರೆ ಬಣ್ಣ. ನಾಲ್ಕು ಸಿಡಿ ತುಂಬ ಸಂಗೀತ, ಒಂದೂ ಗೇಮ್‌ನ ಚೂರು ಅನ್ನಿಸುವುದಿಲ್ಲ. ರಾತ್ರಿ ಆಕಾಶ ನೋಡಿಕೊಂಡು ನಡೆಯುವಾಗ ಬರುವ ಆ ಪಿಯಾನೋ ಪೀಸ್ ಕೇಳಿ, ಆಮೇಲೆ ಮಾತಾಡೋಣ.

ಸ್ಟುಡಿಯೋ_ಸಂದಿ
ಅಂಧೇರಿಯ ಒಂದು ಸ್ಟುಡಿಯೋದಲ್ಲಿ ಸೌಂಡ್ ಎಡಿಟಿಂಗ್ ಮಾಡುತ್ತೇನೆ. ಜಾಸ್ತಿ ಸೀರಿಯಲ್, ಜಾಹೀರಾತು, ಆಗಾಗ ಮೊಬೈಲ್ ಗೇಮ್. ಕಲ್ವಾದವರ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಚಹಾ ತಗೊಂಡು ಕೂತುಕೊಳ್ಳಿ.

ಸಿನಿಮಾದಲ್ಲಿ ದೃಶ್ಯ ಇಷ್ಟೇ ಸೆಕೆಂಡ್ ಅಂತ ಗೊತ್ತಿರುತ್ತದೆ. ಗೇಮ್‌ನಲ್ಲಿ ಹಾಗಿಲ್ಲ. ನೀವು ಆ ಬಾಗಿಲ ಮುಂದೆ ಎರಡು ನಿಮಿಷ ನಿಲ್ಲುತ್ತೀರೋ, ಫೋನ್ ಬಂತು ಅಂತ ಅರ್ಧ ಗಂಟೆ ಬಿಟ್ಟು ಹೋಗುತ್ತೀರೋ, ಬರೆಯುವವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಲೂಪ್, ಅಂದರೆ ಪೀಸ್ ಕೊನೆ ಮುಟ್ಟಿದರೆ ಮತ್ತೆ ಮೊದಲಿನಿಂದ. ಲೂಪ್ ಮಾಡುವುದು ಸುಮ್ನೆ ಕತ್ತರಿಸಿ ಅಂಟಿಸಿದಷ್ಟು ಸುಲಭ ಅಲ್ಲ. ಆರ್ಕೆಸ್ಟ್ರಾ ನಿಲ್ಲಿಸಿದ ಮೇಲೂ ಹಾಲ್‌ನಲ್ಲಿ ಸದ್ದು ಒಂದೆರಡು ಸೆಕೆಂಡ್ ಉಳಿದಿರುತ್ತದೆ. ಕೊನೆಯ ಬಾರ್ (ತಾಳದ ಒಂದು ಆವರ್ತ) ಮುಗಿದ ತಕ್ಷಣ ಮೊದಲ ಬಾರ್‌ಗೆ ಹಾರಿದರೆ ಆ ಬಾಲ ಕಚಕ್ ಅಂತ ಕಟ್ ಆಗುತ್ತದೆ, ಕಿವಿ ಕೂಡಲೇ ಹಿಡಿಯುತ್ತದೆ. ಇದಕ್ಕೊಂದು ಉಪಾಯ ಇದೆ. ಇಡೀ ಪೀಸನ್ನು ಒಂದರ ಹಿಂದೆ ಒಂದು ಎರಡು ಸಲ ನುಡಿಸಿ, ಎರಡನೇ ಸುತ್ತನ್ನು ಮಾತ್ರ ಇಟ್ಟುಕೊಳ್ಳುವುದು. ಅದರ ಶುರುವಿನಲ್ಲಿ ಮೊದಲ ಸುತ್ತಿನ ಬಾಲ ಆಗಲೇ ಬೆರೆತಿರುತ್ತದೆ. ಈಗ ಎಷ್ಟು ಸುತ್ತಿದರೂ ಬೆಸುಗೆ ಕೇಳಿಸುವುದಿಲ್ಲ.

ಇನ್ನೊಂದು, ಪದರ. ಡ್ರಮ್ ಬೇರೆ, ತಂತಿವಾದ್ಯ ಬೇರೆ, ಹಿತ್ತಾಳೆ ವಾದ್ಯ (ಟ್ರಂಪೆಟ್, ಹಾರ್ನ್) ಬೇರೆ ರೆಕಾರ್ಡ್ ಮಾಡಿರುತ್ತಾರೆ. ಎಲ್ಲವೂ ಒಂದೇ ಲಯ, ಒಂದೇ ಶ್ರುತಿ. ಗೇಮ್ ಒಳಗೆ ಎಲ್ಲವೂ ಒಟ್ಟಿಗೇ ಓಡುತ್ತಿರುತ್ತವೆ, ಆದರೆ ಕೆಲವನ್ನು ಮ್ಯೂಟ್ ಮಾಡಿರುತ್ತಾರೆ. ಶತ್ರು ಹತ್ತಿರ ಬಂದರೆ ಡ್ರಮ್ ಏರುತ್ತದೆ, ನಿಮ್ಮ ಜೀವ ಕಮ್ಮಿಯಾದರೆ ಹಿತ್ತಾಳೆ ಬರುತ್ತದೆ. ಈಗ ಇದಕ್ಕೆ ವೈಸ್, ಎಫ್‌ಮಾಡ್ ಅಂತ ಸಾಫ್ಟ್‌ವೇರ್ ಇದೆ. ಯೋಚನೆ ಮಾತ್ರ ಹಳೆಯದು. 1991ರ ಮಂಕಿ ಐಲ್ಯಾಂಡ್ 2ರಲ್ಲೇ ಐಮ್ಯೂಸ್ ಅನ್ನುವ ವ್ಯವಸ್ಥೆ ಇತ್ತು, ಒಂದು ಜಾಗದಿಂದ ಇನ್ನೊಂದಕ್ಕೆ ಹೋದರೆ ಟ್ಯೂನ್ ತಡವರಿಸದೆ ಹೊರಳುತ್ತಿತ್ತು.

ಈಗ ಆಲ್ಬಮ್‌ಗೆ ಬನ್ನಿ. ಈ ಪದರಗಳನ್ನೆಲ್ಲ ಒಟ್ಟು ಸೇರಿಸಿ, ಎರಡು ಸುತ್ತು ಹಾಕಿ, ಹತ್ತು ಸೆಕೆಂಡಿನಲ್ಲಿ ವಾಲ್ಯೂಮ್ ಇಳಿಸಿಬಿಟ್ಟರೆ ಅದು ಆಲ್ಬಮ್ ಅಲ್ಲ, ಗೋದಾಮು. ನಿಮಗೆ ಬೋರ್ ಬರುತ್ತಿರುವುದು ಅಲ್ಲೇ. ಕೇಳುವುದಕ್ಕೆ ಅಂತಲೇ ಯಾರಾದರೂ ಮತ್ತೆ ಕೂತು ಕಟ್ ಮಾಡಿ, ಶುರು ಕೊನೆ ಹಾಕಿ, ಯಾವುದರ ಹಿಂದೆ ಯಾವುದು ಅಂತ ಯೋಚಿಸಿದ್ದರೆ ಅದು ನಿಲ್ಲುತ್ತದೆ. ಮಾಣಿ ಹೇಳಿದ ಸ್ಕೈರಿಮ್ ನಿಲ್ಲುವುದಕ್ಕೆ ಕಾರಣ ಸ್ವಲ್ಪ ಬೇರೆ. ಅಲ್ಲಿ ತಿರುಗಾಡುವಾಗಿನ ಪೀಸ್‌ಗಳು ಒಮ್ಮೆ ಪೂರ್ತಿ ನುಡಿದು ಸುಮ್ಮನಾಗುತ್ತವೆ, ನಡುವೆ ಬರೀ ಗಾಳಿ ಸದ್ದು. ಹಾಗಾಗಿ ಬರೆಯುವಾಗಲೇ ಪ್ರತಿಯೊಂದಕ್ಕೂ ಶುರು ಇದೆ, ಕೊನೆ ಇದೆ.

ಕಲ್ವಾ_ಸ್ಲೋ
ಅಣ್ಣಾ, ಗೋದಾಮು ಅನ್ನುವ ಮಾತು ಹಿಡಿಸಿತು. ಹಾಗಾದರೆ ಬಾಸ್ ಫೈಟ್ ಟ್ರ್ಯಾಕ್? ಅಲ್ಲಿ ಎರಡನೇ ಹಂತಕ್ಕೆ ಹೋದಾಗ ಸಂಗೀತವೇ ಬದಲಾಗುತ್ತದಲ್ಲ.

ಸ್ಟುಡಿಯೋ_ಸಂದಿ
ಆಲ್ಬಮ್‌ನಲ್ಲಿ ಎರಡೂ ಹಂತ ಸೇರಿಸಿ ಹೊಲಿದಿರುತ್ತಾರೆ. ಗೇಮ್‌ನಲ್ಲಿ ಆ ತಿರುವು ನಿಮ್ಮ ಏಟಿಗೆ ಬರುವುದು. ಆಲ್ಬಮ್‌ನಲ್ಲಿ ಗಡಿಯಾರಕ್ಕೆ ಬರುತ್ತದೆ. ಕೈ ಯಾಕೆ ಬೆವರಬೇಕು ಹೇಳಿ.

ಪಿಟೀಲಕ್ಕ
ಮಾಟುಂಗಾದಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುವವಳು ನಾನು. ನನ್ನ ಮಗನ ದೆಸೆಯಿಂದ ಈ ಗೇಮ್ ಸಂಗೀತ ಕಿವಿಗೆ ಬಿತ್ತು. ಸ್ಯಾಂಪಲ್ ಆದರೇನು ಅಂತ ಮಾಣಿ ಕೇಳಿದ್ದಕ್ಕೆ ಉತ್ತರ. ಹೆಡ್‌ಫೋನ್ ಹಾಕಿ, ನಿಧಾನದ ತಂತಿವಾದ್ಯದ ಭಾಗ ಕೇಳಿ. ಹದಿನಾಲ್ಕು ಜನ ಪಿಟೀಲು ಹಿಡಿದು ಕೂತಿದ್ದರೆ ಕಮಾನು ತಿರುಗಿಸುವುದು ಎಲ್ಲರೂ ಕೂದಲೆಳೆ ಹೊಂದಿಕೊಂಡು ಅಲ್ಲ, ಒಬ್ಬರದು ಮೊದಲು, ಒಬ್ಬರದು ಆಮೇಲೆ. ಸ್ವರ ಶುರುವಾಗುವ ಮುನ್ನ ಯಾರೋ ಉಸಿರೆಳೆದದ್ದು, ಕುರ್ಚಿ ಕಿರ್ ಅಂದದ್ದು ಕೂಡ ಮೈಕಿಗೆ ಸಿಗುತ್ತದೆ. ಸ್ಯಾಂಪಲ್‌ನಲ್ಲಿ ಪ್ರತಿ ಸ್ವರವೂ ಒಂದೇ ತರಹ ಹುಟ್ಟುತ್ತದೆ. ಉದ್ದ ಸ್ವರ ಇರುವ ಕಡೆ ಅದು ಗೊತ್ತಾಗುವುದಿಲ್ಲ, ಓಡುವ ಸ್ವರಗಳಲ್ಲಿ ತಕ್ಷಣ ಗೊತ್ತಾಗುತ್ತದೆ. ಸೋಲ್ ಜಾಣ, ಉದ್ದ ಸ್ವರಗಳಲ್ಲೇ ಬರೆದಿದ್ದಾರೆ. ಅದು ಬೈಗುಳ ಅಲ್ಲ, ಕೈಯಲ್ಲಿರುವ ಸಾಮಾನು ನೋಡಿ ಅಡುಗೆ ಮಾಡುವುದೂ ಒಂದು ವಿದ್ಯೆ.

ಇನ್ನೊಂದು ಮಾತು. ಆಲ್ಬಮ್ ಬೇರೆ, ಗೇಮ್ ಬೇರೆ ಅನ್ನುವುದು ಇವತ್ತಿನ ಕಥೆ ಅಲ್ಲ. ಡ್ರ್ಯಾಗನ್ ಕ್ವೆಸ್ಟ್ 1986ರಲ್ಲಿ ಬಂದಾಗ ಆ ಯಂತ್ರದಲ್ಲಿ ಒಟ್ಟಿಗೆ ಮೂರು ಸ್ವರ ಹಿಡಿದರೆ ಹೆಚ್ಚು, ಮೇಲೆ ಸ್ವಲ್ಪ ಗರಗರ ಸದ್ದು. ಕೊಯಿಚಿ ಸುಗಿಯಾಮ ಅದಕ್ಕೆ ಬರೆದದ್ದನ್ನು ಆರ್ಕೆಸ್ಟ್ರಾಗೆ ವಿಸ್ತರಿಸಿ 1987ರಲ್ಲೇ ಟೋಕಿಯೊದಲ್ಲಿ ಕಛೇರಿ ಮಾಡಿಸಿದರು. ಆಮೇಲೆ ಲಂಡನ್ ಫಿಲ್ಹಾರ್ಮೊನಿಕ್ ಕೂಡ ನುಡಿಸಿ ರೆಕಾರ್ಡ್ ಆಯಿತು. ಅಂದರೆ ಆ ಕಾಲದಲ್ಲಿ ಆಲ್ಬಮ್ ಕೊಂಡವರು ಗೇಮ್‌ನಲ್ಲಿ ಕೇಳದೇ ಇದ್ದದ್ದನ್ನೇ ಕೊಂಡರು. ನನ್ನ ಲೆಕ್ಕದಲ್ಲಿ ಅದೇ ಸರಿಯಾದ ದಾರಿ.

ರಾತ್ರಿಪಾಳಿ_ಪುಣೆ
ಅಕ್ಕ ಹೇಳಿದ್ದಕ್ಕೆ ನೂರಕ್ಕೆ ನೂರು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಗೆ ಆಟಗಾರರು ಮೈದಾನಕ್ಕೆ ಬರುವಾಗ ಮೊದಲು ನುಡಿಸಿದ್ದೇ ಡ್ರ್ಯಾಗನ್ ಕ್ವೆಸ್ಟ್. ನಮ್ಮ ಮನೆಯಲ್ಲಿ ಅಪ್ಪನಿಗೆ ತೋರಿಸಿ "ನೋಡಿ, ಇದು ಗೇಮ್ ಮ್ಯೂಸಿಕ್" ಅಂದೆ. "ಭಾರತದ ತಂಡ ಯಾವಾಗ ಬರುತ್ತದೆ?" ಅಂತ ಕೇಳಿದರು.

ಕೊಥ್ರೂಡ್_ಕಾಕಾ
ನೀವೆಲ್ಲ ಹೊಸಬರು. ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3, 1999. ಪಾಲ್ ರೊಮೆರೊ. ಒಂದೊಂದು ಊರಿಗೆ ಒಂದೊಂದು ಸಂಗೀತ. ಊರಿನ ಬಾಗಿಲು ತೆರೆದ ತಕ್ಷಣ ಕೇಳಿಸುತ್ತದೆ, ಕಣ್ಣು ಮುಚ್ಚಿಯೂ ಇದು ಕೋಟೆ, ಇದು ನರಕ, ಇದು ಹೆಣಗಳ ಊರು ಅಂತ ಹೇಳಬಹುದು. ನಮ್ಮ ಕಂಪ್ಯೂಟರಿಗೆ ಲ್ಯಾಮಿಂಗ್ಟನ್ ರೋಡಿನಿಂದ ತಂದ ಎರಡು ಸ್ಪೀಕರ್ ಇತ್ತು, ಒಂದು ಯಾವಾಗಲೂ ಕೆಟ್ಟಿರುತ್ತಿತ್ತು. ಆ ಅರ್ಧ ಸಂಗೀತವೇ ನನಗೆ ಬಾಯಿಪಾಠ. ಮೊನ್ನೆ ಒಳ್ಳೆ ಹೆಡ್‌ಫೋನಿನಲ್ಲಿ ಕೇಳಿದರೆ ಎಡಗಡೆ ಒಂದು ಹಾರ್ಪ್ ಇದೆ!

ಮುಲುಂಡ್_ಮಾಣಿ
ಕಾಕಾ 😂😂

ಚಂಡೆಪೆಟ್ಟು
ಸ್ಟುಡಿಯೋದವರು ವೈಸ್ ಎಫ್‌ಮಾಡ್ ಅಂತ ದೊಡ್ಡ ಹೆಸರು ಹೇಳಿದರು. ನಮ್ಮ ಕಡೆ ಯಕ್ಷಗಾನದಲ್ಲಿ ಭಾಗವತರು ಮಾಡುವುದು ಅದನ್ನೇ ಅಲ್ವಾ? ವೇಷಧಾರಿ ಕುಣಿತ ಎಳೆದರೆ ಪದ್ಯದ ಸಾಲು ಮತ್ತೆ ಮತ್ತೆ ಎತ್ತುತ್ತಾರೆ, ಅವನು ಸುಸ್ತಾದ ಅಂತ ಕಂಡರೆ ಮುಕ್ತಾಯ. ಯುದ್ಧಕ್ಕೆ ಬಂದರೆ ಮದ್ದಳೆ ಜೊತೆ ಚಂಡೆ ಏರುತ್ತದೆ. ಮುಂಬೈಯಲ್ಲಿ ನಮ್ಮವರ ಮನೆಗಳಲ್ಲಿ ಯಕ್ಷಗಾನದ ಕ್ಯಾಸೆಟ್ ರಾಶಿ ಇರುತ್ತಿತ್ತು. ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಕ್ಯಾಸೆಟ್ಟಿನ ಅಳತೆಗೆ ಇಳಿಸಬೇಕಾದರೆ ಯಾವುದನ್ನು ಬಿಡುವುದು, ಯಾವ ಪದ್ಯ ಉಳಿಸುವುದು ಅಂತ ಲೆಕ್ಕ ಹಾಕಿಯೇ ಹಾಕುತ್ತಿದ್ದರು. ಒಳ್ಳೆಯದು ಬಂತು ಅಂದರೆ ರಂಗಸ್ಥಳ ನೋಡದವನೂ ಕೇಳುತ್ತಿದ್ದ.

ರಾತ್ರಿಪಾಳಿ_ಪುಣೆ
ಎಲ್ಲದಕ್ಕೂ ಯಕ್ಷಗಾನ ತರಬೇಡಿ ಮಾರಾಯ್ರೆ. ಹೋದ ವಾರ ಕ್ರಿಕೆಟ್ ಚರ್ಚೆಗೂ ತಂದಿದ್ದಿರಿ.

ಸ್ಟುಡಿಯೋ_ಸಂದಿ
ಇಲ್ಲ ಇಲ್ಲ, ಅವರು ಹೇಳಿದ್ದರಲ್ಲಿ ವಿಷಯ ಇದೆ. ವ್ಯತ್ಯಾಸ ಒಂದೇ, ಭಾಗವತರಿಗೆ ಕಣ್ಣಿದೆ. ಗೇಮ್‌ಗೆ ಸಿಗುವುದು ಬರೀ ಅಂಕಿ. ಶತ್ರು ಎಷ್ಟು ದೂರ, ಜೀವ ಎಷ್ಟು ಬಾಕಿ, ಅಷ್ಟೇ. ಹಾಗಾಗಿಯೇ ಮೂಲೆಯಲ್ಲಿ ಒಂದು ಇಲಿ ಕಂಡರೂ ಯುದ್ಧದ ಸಂಗೀತ ಹೊಡೆಯುತ್ತದೆ.

ಚಂಡೆಪೆಟ್ಟು
ಬಾಲ್ಡರ್ಸ್ ಗೇಟ್ 3ರಲ್ಲಿ ಆ ಸೈತಾನ ರಾಫೇಲ್ ಜೊತೆ ಹೊಡೆದಾಟ ಇದೆಯಲ್ಲ, ಅಲ್ಲಿ ಖಳನೇ ತನ್ನ ಬಗ್ಗೆ ತಾನೇ ಹಾಡುತ್ತಾನೆ. ಅದನ್ನು ಕೇಳಿ ನಾನು ಕುರ್ಚಿಯಿಂದ ಎದ್ದೆ. ಬೊರಿಸ್ಲಾವ್ ಸ್ಲಾವೊವ್ ಅನ್ನುವ ಬಲ್ಗೇರಿಯಾದವರ ಸಂಗೀತ. ಶುರುವಿನಲ್ಲಿ ಬರುವ ನದಿಯ ಹಾಡಿನ ರಾಗವನ್ನೇ ಇಡೀ ಗೇಮ್ ತುಂಬ ಬೇರೆ ಬೇರೆ ವೇಷ ಹಾಕಿಸಿ ತಂದಿದ್ದಾರೆ. 2024ರಲ್ಲಿ ಬಾಫ್ಟಾ ಪ್ರಶಸ್ತಿ ಬಂತು. ಕಲ್ವಾದವರೇ, ಇದನ್ನು ಪಟ್ಟಿಗೆ ಹಾಕಿಕೊಳ್ಳಿ.

ಬೆಳಗಾವಿ_ಟು_ಬಾಣೇರ್
ಎಲ್ಲರೂ ಹೊರಗಿನದ್ದೇ ಹೇಳ್ತಿದ್ದೀರಲ್ರೀ. ನಮ್ಮ ಪುಣೆಯಲ್ಲೇ ಮಾಡಿದ ರಾಜಿ ಗೇಮ್ ಯಾರಿಗೂ ನೆನಪಾಗಲಿಲ್ಲವಾ? ನೋಡಿಂಗ್ ಹೆಡ್ಸ್ ಅಂತ ಸ್ಟುಡಿಯೋ, 2020ರಲ್ಲಿ ಬಂತು. ರಾಕ್ಷಸರು ತಮ್ಮನನ್ನು ಎತ್ತಿಕೊಂಡು ಹೋಗುತ್ತಾರೆ, ಅಕ್ಕ ತ್ರಿಶೂಲ ಹಿಡಿದು ಹುಡುಕಿಕೊಂಡು ಹೊರಡುತ್ತಾಳೆ, ದುರ್ಗೆ ವಿಷ್ಣು ಕಥೆ ಹೇಳುತ್ತಾರೆ. ಸಂಗೀತ ಮಾತ್ರ ಗ್ರೀಸಿನ ಲಿನೋಸ್ ಟ್ಜೆಲೋಸ್ ಅವರದು. ದೊಡ್ಡ ಆರ್ಕೆಸ್ಟ್ರಾ ಅಲ್ಲ, ನಮ್ಮ ಕಡೆಯ ವಾದ್ಯ ಜಾಸ್ತಿ. ಆದರೂ ಕೇಳುವ ಹಾಗಿದೆ.

ಪಿಟೀಲಕ್ಕ
ಪುಣೆಯಲ್ಲಿ ಬೀದಿಗೊಬ್ಬ ತಬಲಾ ಸಿತಾರ್ ವಿದ್ವಾಂಸರಿರುವಾಗ ಸಂಗೀತಕ್ಕೆ ಗ್ರೀಸ್‌ವರೆಗೆ ಹೋಗಬೇಕಿತ್ತಾ?

ಬೆಳಗಾವಿ_ಟು_ಬಾಣೇರ್
ನುಡಿಸುವುದು ಬೇರೆ, ಗೇಮ್‌ಗೆ ಬರೆಯುವುದು ಬೇರೆ ಅಲ್ವೇನ್ರೀ ಅಕ್ಕಾ. ಮೇಲೆ ಸ್ಟುಡಿಯೋದವರು ಹೇಳಿದ ಪದರ, ಲೂಪ್ ಎಲ್ಲ ಗೊತ್ತಿರಬೇಕು. ನಮ್ಮ ವಿದ್ವಾಂಸರು ಆಲಾಪ ಶುರು ಮಾಡಿದರೆ ಆಟಗಾರ ಮೂರು ಬಾಸ್ ಮುಗಿಸಿರುತ್ತಾನೆ.

ಮಡಗಾಂವ್_ಮೀನುಸಾರು
ಬರೆದು ನುಡಿಸುವವರು ಇಲ್ಲ ಅನ್ನಬೇಡಿ. ಹಿಂದಿ ಸಿನಿಮಾಕ್ಕೆ ಆರ್ಕೆಸ್ಟ್ರಾ ಕೊಟ್ಟವರೇ ನಮ್ಮ ಗೋವಾದವರು. ಪೋರ್ಚುಗೀಸರ ಕಾಲದಲ್ಲಿ ಚರ್ಚ್ ಶಾಲೆಗಳಲ್ಲಿ ಮಕ್ಕಳಿಗೆ ಸ್ಟಾಫ್ ನೊಟೇಶನ್ ಕಲಿಸುತ್ತಿದ್ದರು. ಹಾಳೆ ಇಟ್ಟರೆ ನೋಡಿ ನುಡಿಸುವವರು ಮುಂಬೈಗೆ ಸಾಲುಗಟ್ಟಿ ಬಂದರು. ಶಂಕರ್-ಜೈಕಿಶನ್ ಹಾಡುಗಳ ಹಿಂದಿನ ಆ ದೊಡ್ಡ ಪಿಟೀಲು ಅಲೆ ಸೆಬಾಸ್ಟಿಯನ್ ಡಿಸೋಜಾ ಅವರದು. ಮಜೋರ್ಡಾದ ಆಂಥನಿ ಗೊನ್ಸಾಲ್ವಿಸ್ ಅವರು ಪ್ಯಾರೇಲಾಲ್‌ಗೂ ಆರ್.ಡಿ. ಬರ್ಮನ್‌ಗೂ ಪಿಟೀಲು ಗುರು, 1958ರಲ್ಲಿ ಮುಂಬೈಯಲ್ಲಿ ಸ್ವಂತ ಆರ್ಕೆಸ್ಟ್ರಾ ಕಟ್ಟಿ ರಾಗಗಳನ್ನು ಸಿಂಫನಿಗೆ ಬರೆದು ನುಡಿಸಿದವರು. ಈಗ ಗೇಮ್ ಕಂಪನಿಗಳು ಬುಡಾಪೆಸ್ಟ್‌ಗೆ ಹೋಗುವ ಹಾಗೆ ಆಗ ಎಲ್ಲರೂ ದಾದರ್, ತಾರ್ದೇವ್‌ಗೆ ಬರುತ್ತಿದ್ದರು.

ಕಲ್ವಾ_ಸ್ಲೋ
ಬುಡಾಪೆಸ್ಟ್ ಯಾಕೆ? ಎಲ್ಡನ್ ರಿಂಗ್ ಹೆಸರುಗಳಲ್ಲೂ ಬುಡಾಪೆಸ್ಟ್ ಫಿಲ್ಮ್ ಆರ್ಕೆಸ್ಟ್ರಾ ಅಂತ ಇತ್ತು. ಜಪಾನಿನಲ್ಲಿ ಆರ್ಕೆಸ್ಟ್ರಾ ಇಲ್ಲವಾ?

ಸ್ಟುಡಿಯೋ_ಸಂದಿ
ಇದೆ, ಆದರೆ ದುಡ್ಡಿನ ಲೆಕ್ಕ. ಬುಡಾಪೆಸ್ಟ್, ಪ್ರಾಗ್, ಸೋಫಿಯಾ ಕಡೆ ಗಂಟೆ ಲೆಕ್ಕದಲ್ಲಿ ಪೂರ್ತಿ ಆರ್ಕೆಸ್ಟ್ರಾ ಸಿಗುತ್ತದೆ, ಲಂಡನ್ ಲಾಸ್ ಏಂಜಲೀಸ್‌ಗಿಂತ ಅಗ್ಗ. ಒಮ್ಮೆ ಹಣ ಕೊಟ್ಟರೆ ಮುಗಿಯಿತು, ಆಮೇಲೆ ಆಲ್ಬಮ್ ಮಾರಿದರೂ ಮತ್ತೆ ಪಾಲು ಕೊಡುವ ತಲೆನೋವಿಲ್ಲ. ನುಡಿಸುವವರಿಗೂ ದಿನಾ ಇದೇ ಕೆಲಸ, ಹಾಳೆ ನೋಡಿದ ಕೂಡಲೇ ನುಡಿಸುತ್ತಾರೆ. ಸಂಗೀತ ಬರೆದವರು ತಮ್ಮ ಮನೆಯಲ್ಲೇ ಕೂತು ಇಂಟರ್ನೆಟ್ ಮೇಲೆ "ಎರಡನೇ ಹಾರ್ನ್ ಸ್ವಲ್ಪ ಮೆಲ್ಲಗೆ" ಅಂತ ಹೇಳುವುದೂ ಇದೆ. ವಿಚರ್ 3 ಗೇಮ್‌ನದ್ದು ಜರ್ಮನಿಯ ಫ್ರಾಂಕ್‌ಫರ್ಟ್ ಆನ್ ದ ಓಡರ್‌ನಲ್ಲಿ, ಬ್ರಾಂಡೆನ್‌ಬರ್ಗ್ ಸ್ಟೇಟ್ ಆರ್ಕೆಸ್ಟ್ರಾ.

ಪಿಟೀಲಕ್ಕ
ವಿಚರ್ 3ರಲ್ಲಿ ನನಗೆ ಆರ್ಕೆಸ್ಟ್ರಾಗಿಂತ ಪರ್ಸಿವಲ್ ಅನ್ನುವ ಪೋಲೆಂಡಿನ ಜನಪದ ತಂಡವೇ ಇಷ್ಟ. ಕಮಾನು ತಂತಿಗೆ ಉಜ್ಜಿದ ಸದ್ದು ಹಾಗೇ ಬಿಟ್ಟಿದ್ದಾರೆ, ಹೆಂಗಸರು ಹೊಲದಲ್ಲಿ ಕೂಗಿದ ಹಾಗೆ ಗಂಟಲು ಬಿಟ್ಟು ಹಾಡುತ್ತಾರೆ. ಎನ್‌ಸಿಪಿಎ ಕಲಾಕೇಂದ್ರದಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ 2006ರಿಂದ ಇದೆ, ವರ್ಷಕ್ಕೆ ಎರಡು ಸೀಸನ್. ಬೀಥೋವನ್ ಚೈಕೋವ್‌ಸ್ಕಿ ಜೊತೆ ಗೇಮ್ ಸಂಗೀತವನ್ನೂ ಒಂದು ಸಂಜೆ ಇಟ್ಟರೆ ನಾರಿಮನ್ ಪಾಯಿಂಟ್‌ಗೆ ಹುಡುಗರು ಕ್ಯೂ ನಿಲ್ಲುತ್ತಾರೆ. ಫೈನಲ್ ಫ್ಯಾಂಟಸಿಯ ಡಿಸ್ಟಂಟ್ ವರ್ಲ್ಡ್ಸ್ ಕಛೇರಿ 2007ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಶುರುವಾಗಿ ಊರೂರು ಸುತ್ತುತ್ತಿದೆ.

ಬೋರಿವಲಿ_ಅಮ್ಮ
ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಮಗ ಈ ವರ್ಷ ಹತ್ತನೇ ಕ್ಲಾಸ್. ಓದುವಾಗ ಇದನ್ನೇ ಹಾಕಿಕೊಳ್ಳುತ್ತಾನೆ, ಏಕಾಗ್ರತೆ ಬರುತ್ತದಂತೆ. ಬಿಡಬಹುದಾ?

ರಾತ್ರಿಪಾಳಿ_ಪುಣೆ
ಬಿಡಿ ಅಕ್ಕ. ನೀರ್ (NieR) ಅನ್ನುವ ಗೇಮ್‌ನ ಆಲ್ಬಮ್ ಕೊಡಿ. ಎಮಿ ಇವಾನ್ಸ್ ಹಾಡಿದ್ದು, ಅಲ್ಲಿರುವ ಭಾಷೆ ಲೋಕದಲ್ಲೇ ಇಲ್ಲ, ಹಾಡಿಗೆ ಅಂತ ಹುಟ್ಟಿಸಿದ್ದು. ಪದ ಅರ್ಥವಾಗದಿದ್ದರೆ ಗಮನ ಪುಸ್ತಕದಲ್ಲೇ ಇರುತ್ತದೆ. ಬಾಸ್ ಫೈಟ್ ಸಂಗೀತ ಮಾತ್ರ ಕೊಡಬೇಡಿ, ಗಣಿತದ ಪುಸ್ತಕಕ್ಕೆ ಗುದ್ದುತ್ತಾನೆ.

ಬೋರಿವಲಿ_ಅಮ್ಮ
ಈಗಾಗಲೇ ಮೇಜಿಗೆ ಗುದ್ದುತ್ತಿದ್ದಾನೆ. ಯಾವುದು ಅಂತ ಈಗ ಗೊತ್ತಾಯಿತು.

ಮುಲುಂಡ್_ಮಾಣಿ
ಎಕ್ಸ್‌ಪೆಡಿಶನ್ 33 ಯಾರೂ ಹೇಳಲಿಲ್ಲ. 2025ರದ್ದು. ಲೋರಿಯನ್ ಟೆಸ್ಟಾರ್ ಅವರ ಮೊದಲ ಗೇಮ್, ಅದಕ್ಕೂ ಮುಂಚೆ ಇಂಟರ್ನೆಟ್ಟಿನಲ್ಲಿ ತಮ್ಮ ಪೀಸ್ ಹಾಕುತ್ತಾ ಕೂತಿದ್ದವರು, ಅಲ್ಲಿಂದಲೇ ಹುಡುಕಿ ಕರೆದರು. 154 ಟ್ರ್ಯಾಕ್, ಎಂಟು ಗಂಟೆ.

ಸ್ಟುಡಿಯೋ_ಸಂದಿ
ಸಂಗೀತ ಚೆನ್ನಾಗಿದೆ. ಆದರೆ ಎಂಟು ಗಂಟೆ? ಅದನ್ನೇ ಎಪ್ಪತ್ತು ನಿಮಿಷಕ್ಕೆ ಇಳಿಸುವ ಧೈರ್ಯ ಯಾರಿಗಾದರೂ ಇದ್ದಿದ್ದರೆ ಈ ದಶಕದ ಆಲ್ಬಮ್ ಆಗುತ್ತಿತ್ತು. ಸ್ಟ್ರೀಮಿಂಗ್ ಬಂದ ಮೇಲೆ ಸಿಡಿಯ ಅಳತೆ ಹೋಯಿತು, ಕತ್ತರಿಯೂ ಹೋಯಿತು.

ಮುಲುಂಡ್_ಮಾಣಿ
ಅಭಿಮಾನಿಗೆ ಎಲ್ಲವೂ ಬೇಕು ಅಣ್ಣಾ. ನೀವು ಕತ್ತರಿಸಿದ ಟ್ರ್ಯಾಕೇ ನನಗೆ ಇಷ್ಟದ್ದಾಗಿದ್ದರೆ?

ಸ್ಟುಡಿಯೋ_ಸಂದಿ
ಎರಡು ಬಿಡುಗಡೆ ಮಾಡಲಿ. ಗೋದಾಮು ಒಂದು, ಆಲ್ಬಮ್ ಒಂದು. ಯಾರು ಬೇಡ ಅಂದರು?

ಕೊಥ್ರೂಡ್_ಕಾಕಾ
ವಿನೈಲ್ ತರಿಸುವವರು ಹುಷಾರು. ಹೊರದೇಶದಿಂದ ಒಂದು ಸೌಂಡ್‌ಟ್ರ್ಯಾಕ್ ತರಿಸಿದೆ. ಸುಂಕ, ಕೊರಿಯರ್ ಚಾರ್ಜು ಸೇರಿ ರೆಕಾರ್ಡಿಗಿಂತ ಜಾಸ್ತಿ ಆಯಿತು, ಮೇಲಿನ ಕವರ್ ಮೂಲೆ ಮಡಚಿಕೊಂಡು ಬಂತು. ಕಾಲಾ ಘೋಡಾದಲ್ಲಿ ರಿದಮ್ ಹೌಸ್ ಇದ್ದ ಕಾಲವೇ ಚೆಂದ, 2016ರಲ್ಲಿ ಮುಚ್ಚಿತು. ಅಲ್ಲಿ ನಿಂತು ನೋಡಿ ತಗೊಂಡು ಬರಬಹುದಿತ್ತು.

ಬೆಳಗಾವಿ_ಟು_ಬಾಣೇರ್
ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ತಗೊಳ್ರೀ ಕಾಕಾ. 2020ರಿಂದ ಗೇಮ್ ಇಲ್ಲದಿದ್ದರೂ ಸೌಂಡ್‌ಟ್ರ್ಯಾಕ್ ಮಾತ್ರ ಕೊಳ್ಳಬಹುದು, ರೂಪಾಯಿಯಲ್ಲೇ. ಎಷ್ಟೋ ಆಲ್ಬಮ್‌ಗೆ ಫ್ಲ್ಯಾಕ್ (ಗುಣಮಟ್ಟ ಕಳೆಯದ ಆಡಿಯೊ) ಫೈಲೂ ಸಿಗುತ್ತದೆ. ಹಾಲೋ ನೈಟ್ ಗೇಮ್‌ನದು ಬೇಕಾದರೆ ಬ್ಯಾಂಡ್‌ಕ್ಯಾಂಪ್ ಸೈಟ್‌ನಲ್ಲೂ ಇದೆ, ಕ್ರಿಸ್ಟೋಫರ್ ಲಾರ್ಕಿನ್ ಅಂತ ಹುಡುಕಿ.

ಕಲ್ವಾ_ಸ್ಲೋ
ಸರಿ, ನನ್ನ ಪಟ್ಟಿ ಹೀಗಿದೆ. ಮೊದಲು ಬಾಲ್ಡರ್ಸ್ ಗೇಟ್ 3, ಆಮೇಲೆ ವಿಚರ್, ಅದರ ಹಿಂದೆ ಡ್ರ್ಯಾಗನ್ ಕ್ವೆಸ್ಟ್‌ನ ಲಂಡನ್ ರೆಕಾರ್ಡಿಂಗ್. ಎಕ್ಸ್‌ಪೆಡಿಶನ್ 33ರಿಂದ ನನ್ನದೇ ಎಪ್ಪತ್ತು ನಿಮಿಷ ಕತ್ತರಿಸಿಕೊಳ್ಳುತ್ತೇನೆ, ಯಾವುದನ್ನು ಬಿಟ್ಟೆ ಅಂತ ಇಲ್ಲಿ ಹಾಕುತ್ತೇನೆ. ಬೈಯುವವರು ಬೈಯಿರಿ.

ಪಿಟೀಲಕ್ಕ
ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಕೇಳೋಣ ಬನ್ನಿ. ಸಂಘದ ಕಾರ್ಯಕ್ರಮ ಮುಗಿಸಿ ಹಾಗೇ ನಡೆದುಕೊಂಡು ಬಂದರೆ ಐದು ನಿಮಿಷ. ಸ್ಪೀಕರ್ ಒಳ್ಳೆಯದಿದೆ, ಎರಡೂ ಕೆಲಸ ಮಾಡುತ್ತವೆ ಕಾಕಾ. ಒಬ್ಬೊಬ್ಬರು ಒಂದೊಂದು ಆಲ್ಬಮ್ ತನ್ನಿ, ನೀರುದೋಸೆ ನನ್ನದು.

ಮುಲುಂಡ್_ಮಾಣಿ
ಸ್ಕೈರಿಮ್ ತರಬಹುದಾ ಅಕ್ಕ?

ಪಿಟೀಲಕ್ಕ
ತನ್ನಿ. ಬರೀ ಗಾಳಿ ಮಂಜು ಇರುವ ಆ 42 ನಿಮಿಷದ ಕೊನೆಯ ಟ್ರ್ಯಾಕ್ ಒಂದನ್ನು ಬಿಟ್ಟು.

ರಾತ್ರಿಪಾಳಿ_ಪುಣೆ
ಪುಣೆಯಿಂದ ಡೆಕ್ಕನ್ ಕ್ವೀನ್ ಹಿಡಿದು ನಾನೂ ಬರುತ್ತೇನೆ. ಚಂಡೆಯವರು ಚಂಡೆ ತರದಿದ್ದರೆ ಸಾಕು.

ಚಂಡೆಪೆಟ್ಟು
ತರುತ್ತೇನೆ.